ಮಾಮಾನ ಕೈಗೆ ಸಿಕ್ಕ ಲಾಂಗ್‌ಬೋರ್ಡ್

ನಮ್ಮ ಮಾಮಾನಿಗೆ ದೇವರಲ್ಲಿ ನಂಬಿಕೆ ಇಲ್ಲ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೇ ಬೀಳುತ್ತೇನೆ. ನಂಬಿಕೆ ಖಂಡಿತ ಇದೆ. ಹಿಂದಿನಿಂದ ಒಂದು ಸಲ ನೋಡಿದ ಮೇಲೆ! ಗುಡಿಗೆ ಹೋದರೆ ಎಲ್ಲರೂ ಮೊದಲು ಕೈ ಮುಗಿಯುತ್ತಾರೆ, ಇವರು ಮೊದಲು ಪ್ರದಕ್ಷಿಣೆಗೆ ಹೊರಡುತ್ತಾರೆ. ಅದು ಭಕ್ತಿಯಲ್ಲ, ತಪಾಸಣೆ ಎಂಬುದು ನನ್ನ ಬಹುದಿನದ ಗುಮಾನಿ.

ಮಾಮಾ ಎಂದರೆ ನನ್ನ ಅವ್ವನ ಅಣ್ಣ, ಮಂಠಾಳದವರು, ಅರವತ್ತೆಂಟು ವಯಸ್ಸು. ಒಂದು ಕಾಲದಲ್ಲಿ ಸುತ್ತಲಿನ ರೈತರು ಹುಮನಾಬಾದಿನ ದನದ ಸಂತೆಗೆ ಹೋಗುವಾಗ ಇವರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಎತ್ತಿನ ಹಲ್ಲು ನೋಡಿ, ಗೊರಸು ಎತ್ತಿ, ಸುಳಿ ಹುಡುಕಿ, ನೂರು ಹೆಜ್ಜೆ ನಡೆಸಿ, ಕೊನೆಗೆ ತಲೆ ಅಲ್ಲಾಡಿಸಿ ಎದ್ದು ಬರುವುದು ಇವರ ಪದ್ಧತಿ. ಮಾರುವವರು ಇವರನ್ನು ದೂರದಿಂದ ಕಂಡರೇ ಹಗ್ಗ ಬಿಚ್ಚಿಕೊಂಡು ಆಚೆ ಕಡೆ ಹೋಗುತ್ತಿದ್ದರಂತೆ. ಆಮೇಲೆ ಹೊಲಹೊಲಕ್ಕೂ ಟ್ರಾಕ್ಟರ್ ಬಂತು, ಎತ್ತು ಕೊಳ್ಳುವವರು ಕಡಿಮೆಯಾದರು. ಅಷ್ಟಕ್ಕೇ ಆ ಕಣ್ಣು ಸುಮ್ಮನಿರುತ್ತದೆಯೇ? ಬದನೆಕಾಯಿ, ಮೊಬೈಲು, ಮಂಚ, ಮದುವೆಯ ಗಂಡು, ಎಲ್ಲದರ ಮೇಲೂ ಬಿತ್ತು.

ಗಂಡು ಎಂದೆನಲ್ಲ, ಅದು ನನ್ನನ್ನೇ ನೋಡಲು ಬಂದ ಗಂಡು. ಉಪ್ಪಿಟ್ಟು ತಿಂದು ಚಹಾ ಕುಡಿಯುತ್ತಿದ್ದ. ಮಾಮಾ ಬಹಳ ಮರ್ಯಾದೆಯಿಂದ, "ಸ್ವಲ್ಪ ಎದ್ದು ಆ ಬಾಗಿಲ ತನಕ ನಡದು ತೋರಸ್ರಿ" ಎಂದರು. ಪಾಪ, ಹುಡುಗ ಎದ್ದ, ಬಾಗಿಲ ತನಕ ನಡೆದ, ಅಲ್ಲಿಂದ ಹಾಗೇ ನಡೆದುಕೊಂಡು ಊರಿಗೇ ಹೋದ! "ನೋಡಿದ್ರಿಲ್ಲ? ಹಗ್ಗ ಬಿಟ್ಟ ಕೂಡಲೇ ಓಡೋ ತಳಿ" ಎಂದು ಮಾಮಾ ಷರಾ ಬರೆದರು.

ಇನ್ನು ನನ್ನ ಕಥೆ. ನನ್ನ ಎಡಗಾಲು ಬಲಗಾಲಿಗಿಂತ ಒಂದು ಬೆರಳು ಗಿಡ್ಡ. ಒಂಬತ್ತನೆಯ ವಯಸ್ಸಿನಲ್ಲಿ ಅಪ್ಪನ ಎತ್ತಿನ ಗಾಡಿಯಿಂದ ಬಿದ್ದೆ. ಲಾರಿಯ ಹಾರ್ನಿಗೆ ಎತ್ತು ಬೆದರಿತ್ತು. ಮುರಿದ ಮೂಳೆ ಕೂಡಿತು, ಅಳತೆ ಕೂಡಲಿಲ್ಲ. ನಮ್ಮ ಮನೆಯಲ್ಲಿ ಈ ಕಾಲಿನ ಸುದ್ದಿ ಯಾರೂ ಎತ್ತುವುದಿಲ್ಲ. ಕುಂಟಾಬಿಲ್ಲೆಯನ್ನೂ "ಆ ಆಟ" ಎನ್ನುವಷ್ಟು ಎಚ್ಚರ! ನನಗೆ ನೋವಾಗಬಾರದೆಂದು ಹೀಗೆ ಮಾಡುತ್ತಾರೆಂದು ತಿಳಿದು, ಒಳಗೊಳಗೇ ಉರಿದುಕೊಂಡು ಬೆಳೆದವಳು ನಾನು.

ಈಗ ಮೂವತ್ತಮೂರು ವರ್ಷ. ಬಸವಕಲ್ಯಾಣದಲ್ಲಿ ಮನೆ, ಹುಮನಾಬಾದಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ, ದಿನಾ ಬಸ್ಸು. ಒಂದು ದಿನ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಒಬ್ಬಳು ಲಾಂಗ್‌ಬೋರ್ಡ್ ಓಡಿಸುವುದನ್ನು ನೋಡಿದೆ. ನಾಲ್ಕು ಗಾಲಿಯ ಉದ್ದ ಹಲಗೆ. ಒಂದು ಕಾಲು ಅದರ ಮೇಲಿಟ್ಟು ಇನ್ನೊಂದರಿಂದ ನೆಲ ಒದೆಯುವುದು, ಆಮೇಲೆ ಎರಡೂ ಕಾಲು ಮೇಲಿಟ್ಟು ಸುಮ್ಮನೆ ಸಾಗುವುದು. ಸುಮ್ಮನೆ! ಹೆಜ್ಜೆ ಹೆಜ್ಜೆಗೆ ತೂಗುವ ನನಗೆ ಅದನ್ನು ಕಂಡು ಹೊಟ್ಟೆಕಿಚ್ಚಾಯಿತು. ಹೆಜ್ಜೆಯೇ ಇಲ್ಲದ ಕಡೆ ಕುಂಟು ಎಲ್ಲಿಯದು? ಒಮ್ಮೆಯಾದರೂ ಹಾಗೆ ಸಾಗಬೇಕು ಎಂದು ಜೀವ ಹಟ ಹಿಡಿಯಿತು.

ಅವ್ವನಿಗೆ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. ರೊಟ್ಟಿ ಬಡಿಯುತ್ತ ತಣ್ಣಗೆ, "ನಿಮ್ಮ ಮಾಮಾ ನೋಡಿ ಹ್ಞೂಂ ಅನ್ಲಿ. ಆಮ್ಯಾಗ ಏನರ ಮಾಡ್ಕೊ" ಎಂದಳು. ಎಂಥ ಪಾಕಡಾ ಹೆಂಗಸು ನೋಡಿ! ಮಾಮಾ ಯಾವುದಕ್ಕಾದರೂ ಹ್ಞೂಂ ಅಂದದ್ದನ್ನು ಕಂಡವರು ನಮ್ಮ ಬಳಗದಲ್ಲೇ ಇಲ್ಲ. ಅಣ್ಣತಂಗಿ ಕೂಡಿಯೇ ಈ ಹೂಟ ಹೂಡಿದ್ದಾರೆ ಎಂದು ಅವತ್ತೇ ಗುಮಾನಿ ಬಂತು.

ಮಾಮಾ ಮರುದಿನವೇ ಹಾಜರು. "ಹಲಗಿ ಬ್ಯಾರೆ, ಗಾಲಿ ಬ್ಯಾರೆ ತರಸ್ತಾರಂತಲ್ಲ, ಯಾಕ?" ಎಂದು ವಿಚಾರಣೆ ಶುರು ಮಾಡಿದರು. ನಾನು ಮೇಷ್ಟರ ಗತ್ತಿನಲ್ಲೇ ಹೇಳಿದೆ: "ಸವಾರಿ ಹ್ಯಾಂಗೋ ಹಾಂಗ ಸಾಮಾನು ಆರಸಬೇಕು ಮಾಮಾ. ಇಳಕಲಿನಾಗ ಜೋರ ಹೋಗೋರಿಗೆ ಬಾಗಲಾರದ ಹಲಗಿ. ಆರಾಮ ತಿರುಗೋರಿಗೆ ಸ್ವಲ್ಪ ಬಾಗೋದು. ಗಾಲಿ, ಬೇರಿಂಗು, ಎಲ್ಲಾ ಹಂಗೇರಿ."

"ನಿಂದು ಯಾವ ಸವಾರಿ?"

"ಇನ್ನೂ ಮಾಡಿಲ್ಲರಿ."

"ಮಾಡಲಾರದ ಸವಾರಿಗೆ ಸಾಮಾನು ಹ್ಯಾಂಗ ಆರಸ್ತಿ?"

ಭೌತಶಾಸ್ತ್ರ ಎದ್ದು ಚಹಾ ಮಾಡಲು ಹೋಯಿತು.

ಮುಂದಿನ ಮೂರು ದಿನ ನನ್ನ ಹಿಂದೆ ಯಾರೋ ಬರುತ್ತಿದ್ದಾರೆ ಅನಿಸತೊಡಗಿತು. ಬಸ್‌ಸ್ಟ್ಯಾಂಡಿನಲ್ಲಿ, ತರಕಾರಿ ಬಜಾರಿನಲ್ಲಿ, ಮುಖಕ್ಕೆ ಟವೆಲ್ಲು ಸುತ್ತಿಕೊಂಡ ಒಂದು ಗಂಡಸು. ನಾನು ನಿಂತರೆ ಅದೂ ನಿಲ್ಲುತ್ತದೆ! ಮೂರನೆಯ ದಿನ ಸಿಟ್ಟು ನೆತ್ತಿಗೇರಿ, ತಿರುಗಿ ಛತ್ರಿ ಎತ್ತಿದೆ. ಟವೆಲ್ಲಿನೊಳಗಿಂದ, "ಏ, ಹೊಡೀಬ್ಯಾಡ, ನಾ ಅದೀನಿ" ಎಂದು ಪರಿಚಯದ ದನಿ ಬಂತು.

"ಇದೇನ್ರಿ ಮಾಮಾ, ನಾಚಿಕಿ ಬರಂಗಿಲ್ಲೇನು?"

"ನಡಿಗಿ ನೋಡಾಕತ್ತೀನಿ. ಯಾರರ ನೋಡಾಕತ್ತಾರ ಅಂತ ಗೊತ್ತಾದ್ರ ಎತ್ತು ಸುದ್ದಾ ಡೌಲು ಮಾಡ್ತದ."

ತರಕಾರಿ ಮಾರುವ ಹೆಂಗಸರೆಲ್ಲ ನಕ್ಕರು. ನಾನು ಎರಡು ದಿನ ಮಾಮಾನ ಜೊತೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಆಮೇಲೆ ಸಾಮಾನು ಬರತೊಡಗಿದವು. ಮೊದಲ ಸಲದ ಗಾಲಿಗೆ ಜನ ಐದೈದು ಚುಕ್ಕಿ ಕೊಟ್ಟಿದ್ದಾರೆ ಎಂದು ಮೊಬೈಲು ತೋರಿಸಿದೆ. "ಯಾರು ಈ ಮಂದಿ? ಯಾವ ಊರು? ಅವರ ಊರಿನ ರಸ್ತಾ ಹ್ಯಾಂಗದ?" ಎಂದು ಕೇಳಿದರು. ನನಗೇನು ಗೊತ್ತು! ಗಾಲಿಗೆ ಹೆಬ್ಬೆರಳಿನ ಉಗುರು ಒತ್ತಿ ಪೇರಲಹಣ್ಣಿನಂತೆ ಪರೀಕ್ಷಿಸಿದರು. ಉಗುರು ಇಳಿಯಲಿಲ್ಲ. "ಇದು ನುಣ್ಣನ ನೆಲದ ಗಾಲಿ. ನಮ್ಮ ಕಡಿ ಎದ್ದ ರಸ್ತಾದಾಗ ಇದರ ಮ್ಯಾಗ ನಿಂತ್ರ ಹಲ್ಲು ಉದುರತಾವ. ಮೆತ್ತಂದು, ದೊಡ್ಡದು ತರಸು." ಗಾಲಿ ವಾಪಸು ಹೋಯಿತು. ಪುಸ್ತಕ ತೆಗೆದು ನೋಡಿದರೆ ಅವರು ಹೇಳಿದ್ದೇ ಸರಿ, ಅದು ಇನ್ನೂ ಹೊಟ್ಟೆ ಉರಿಸಿತು.

ಬೇರಿಂಗನ್ನು ಕಿವಿಗೆ ಹಿಡಿದು ತಿರುಗಿಸಿ, ಮೂಸಿ, "ಎಣ್ಣಿ ಭಾಳ ಹಚ್ಯಾರ. ಏನೋ ಮುಚ್ಚಿಟ್ಟಾರ" ಎಂದರು. ಹಲಗೆಯನ್ನು ಎರಡು ಇಟ್ಟಂಗಿಯ ಮೇಲಿಟ್ಟು ನನ್ನನ್ನು ನಿಲ್ಲಿಸಿ, ತಾವು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಅದು ಎಷ್ಟು ಬಾಗುತ್ತದೆಂದು ನೋಡಿದರು. ಹಲಗೆ ಓಲುವಂತೆ ಮಾಡುವ ಸಣ್ಣ ರಬ್ಬರ್ ಬುಶ್ಶುಗಳನ್ನು ಹಲ್ಲಿನಿಂದ ಕಚ್ಚಿದರು. ಹೆಲ್ಮೆಟ್ಟಿಗಂತೂ ಬೇರೆಯೇ ಪರೀಕ್ಷೆ. ಅದನ್ನು ತಮ್ಮ ತಲೆಗೇ ಹಾಕಿಕೊಂಡು, ನನ್ನ ಕೈಗೆ ಬಡಿಗೆ ಕೊಟ್ಟು, "ಹೊಡಿ" ಎಂದರು. ಹೊಡೆದೆ. ಎರಡು ತಿಂಗಳ ಸಿಟ್ಟು ಅದರಲ್ಲಿ ಇರಲಿಲ್ಲ ಎಂದರೆ ಸುಳ್ಳಾದೀತು! ಮಾಮಾ ಅಲ್ಲೇ ಕಟ್ಟೆಯ ಮೇಲೆ ಕೂತು, ಒಂದು ತಂಬಿಗೆ ನೀರು ಕುಡಿದು, "ಇದು ಬರೋಬರಿ ಅದ" ಎಂದರು.

ಕೊನೆಗೊಂದು ಭಾನುವಾರ ಬೆಳಿಗ್ಗೆ ಜೋಡಿಸಿದ ಹಲಗೆ ಹಿಡಿದು ನಾನೂ ಮಾಮಾನೂ ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನ ಕಡೆ ಹೋದೆವು. ಹೊಸ ಹೆದ್ದಾರಿ ಆದ ಮೇಲೆ ಅಲ್ಲಿ ಹಳೆಯ ರಸ್ತೆಯ ಒಂದು ತುಂಡು ಖಾಲಿ ಬಿದ್ದಿದೆ, ಸಣ್ಣ ಇಳಿಜಾರು. ಹ್ಞೂಂ ಇನ್ನೂ ಬಂದಿರಲಿಲ್ಲ. ನಾನು ಗಟ್ಟಿಯಾದ ಬಲಗಾಲನ್ನು ಹಲಗೆಯ ಮೇಲಿಟ್ಟು ಎಡಗಾಲಿನಿಂದ ನೆಲ ಒದೆಯಲು ಹೋದೆ. ಗಿಡ್ಡ ಕಾಲು ನೆಲಕ್ಕೆ ಎಟುಕಲು ಸೊಂಟವೇ ಕೆಳಗಿಳಿಯಬೇಕಾಯಿತು. ಹಲಗೆ ಒಂದು ಕಡೆ, ನಾನು ಇನ್ನೊಂದು ಕಡೆ.

"ತಡಿ ತಡಿ!" ಎಂದು ಮಾಮಾ ಓಡಿ ಬಂದರು. "ನೇಗಿಲಿಗೆ ಒಂದು ಎತ್ತರದ್ದು, ಒಂದು ಗಿಡ್ಡ ಎತ್ತು ಬಿದ್ರ ಹ್ಯಾಂಗ ಹೂಡ್ತಾರ ಗೊತ್ತದ ಏನು? ಎತ್ತರದ್ದು ಉತ್ತ ಸಾಲಿನಾಗ ಇಳೀತದ, ಗಿಡ್ಡಂದು ಮ್ಯಾಲ ನಡೀತದ. ಆಗ ನೊಗ ಸಮ ಆಗ್ತದ. ನೀ ಉಲ್ಟಾ ಹೂಡೀದಿ. ಗಿಡ್ಡ ಕಾಲು ಹಲಗಿ ಮ್ಯಾಗ ಇಡು. ಉದ್ದಂದು ನೆಲಕ್ಕ ಬಿಡು."

ಗಿಡ್ಡ ಕಾಲು! ಇಪ್ಪತ್ತನಾಲ್ಕು ವರ್ಷದಲ್ಲಿ ನಮ್ಮವರ ಬಾಯಲ್ಲಿ ಮೊದಲ ಸಲ ಆ ಮಾತು ಕೇಳಿದೆ. ಸರಿಯಾದ ಮಾತು ಎಂದು ನನ್ನೊಳಗಿನ ಮೇಷ್ಟರಿಗೆ ಗೊತ್ತಾಯಿತು, ಆದರೆ ಉಳಿದವಳಿಗೆ ಮೈಯೆಲ್ಲ ಉರಿಯಿತು. ಕೂಗಿಬಿಟ್ಟೆ: "ಅಂತೂ ಬಾಯಿ ಬಿಟ್ರಿ! ಇಷ್ಟು ದಿನ ಗಾಲಿ, ಬೇರಿಂಗು ಅಂತ ನೆಪಾ ಮಾಡಿದ್ರಿ. ಶಕ್ ಇರೋದು ನನ್ನ ಕಾಲಿನ ಮ್ಯಾಗ, ಅಲ್ಲೇನ್ರಿ? ಇಕಿ ಬೀಳ್ತಾಳ ಅಂತ ಹ್ಞೂಂ ಅನ್ನಾಕ ಒಲ್ರಿ. ಖರೆ ಹೇಳ್ರಿ!"

ಮಾಮಾ ನನ್ನನ್ನು ನೋಡಲಿಲ್ಲ. ರಸ್ತೆ ನೋಡುತ್ತ ನಿಂತರು.

"ಹ್ಞೂಂ ಅಂದಿದ್ದೆ ಒಂದ್ ಸಲ" ಎಂದರು. "ನಿಮ್ಮಪ್ಪನಿಗೆ ಆ ಎತ್ತು ಪಾಸ್ ಮಾಡಿ ಕೊಡಿಸಿದವ ನಾನ. ಮಾರಿ ಭಾಳ ಚಂದಿತ್ತು ಅದರದು. ಮುಂದ ನಿಂತು ನೋಡಿ ಹ್ಞೂಂ ಅಂದೆ. ಲಾರಿ ಅಡ್ಡಾಡೋ ರಸ್ತಾದಾಗ ಒಂದ್ ಸಲ ನಡಸಿ ನೋಡಿದ್ರ ಗೊತ್ತಾಗ್ತಿತ್ತು. ನಡಸಲಿಲ್ಲ. ಎಂಟು ದಿನಕ್ಕ ನೀ ಬಿದ್ದಿ."

ನಾನು ಉರುಳಿಹೋಗಿದ್ದ ಹಲಗೆಯನ್ನು ಕಾಲಿನಿಂದ ಹತ್ತಿರ ಎಳೆದುಕೊಂಡೆ.

"ನಿಮ್ಮವ್ವ, ನಿಮ್ಮಪ್ಪ ಇವತ್ತಿನ ತನಕ ನನಗ ಒಂದ್ ಮಾತು ಅಂದಿಲ್ಲ. ನಿನ್ನ ಕಾಲಿನ ಸುದ್ದಿ ತಗದ್ರ ನಾ ಎದ್ದು ಹೋಗ್ತೀನಿ ಅಂತ ಆ ಸುದ್ದಿನೇ ತಗ್ಯಂಗಿಲ್ಲ." ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಗಾಲಿ ಮ್ಯಾಗ ಶಕ್ ಅದ, ಹಲಗಿ ಮ್ಯಾಗ ಅದ, ನನ್ನ ಕಣ್ಣಿನ ಮ್ಯಾಗಂತೂ ಭಾಳ ಅದ. ನಿನ್ನ ಮ್ಯಾಗ ಇಲ್ಲವ್ವಾ. ಆ ಕಾಲಿನ ಮ್ಯಾಗ ನಿಂತು ಇಷ್ಟು ದೊಡ್ಡಾಕಿ ಆಗೀದಿ, ಅದರ ಮ್ಯಾಗ ಶಕ್ ಪಡಲಿಕ್ಕೆ ನಾ ಯಾರು?"

ಅಯ್ಯೋ ದೇವರೇ! ಇಷ್ಟು ವರ್ಷ ಮನೆಯವರೆಲ್ಲ ನುಂಗಿಕೊಂಡ ಮಾತು ನನ್ನನ್ನು ಕಾಪಾಡಲು ಅಲ್ಲ, ಈ ಮನುಷ್ಯನನ್ನು ಕಾಪಾಡಲು. ನಾನೊಬ್ಬಳೇ ಬಿದ್ದೆ ಎಂದುಕೊಂಡಿದ್ದೆ. ಅವತ್ತು ನನ್ನ ಜೊತೆ ಬಿದ್ದ ಮಾಮಾ ಇನ್ನೂ ಎದ್ದೇ ಇರಲಿಲ್ಲ. ಎಡಗಾಲನ್ನು ಹಲಗೆಯ ಮೇಲಿಟ್ಟು, "ರಟ್ಟಿ ಹಿಡೀರಿ" ಎಂದೆ.

ಬಲಗಾಲು ನೆಲಕ್ಕೆ ಇಳಿಯಿತು, ನೆಟ್ಟಗೆ ಮುಟ್ಟಿತು, ಸೊಂಟ ತೂಗಲಿಲ್ಲ. ಒದ್ದೆ. ಹಲಗೆ ಹೊರಟಿತು. ಮಾಮಾ ಒಂದು ಕೈಯಲ್ಲಿ ಧೋತರ, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದು ಪಕ್ಕದಲ್ಲೇ ಓಡಿದರು. ಇಳಿಜಾರು ಶುರುವಾಯಿತು, ಎರಡೂ ಕಾಲು ಮೇಲಿಟ್ಟೆ.

"ಬಿಡ್ರಿ ಮಾಮಾ" ಎಂದೆ. ಬಿಡಲಿಲ್ಲ. ಏದುಸಿರು ಬಿಡುತ್ತ ಓಡುತ್ತಲೇ ಇದ್ದರು.

"ಬಿಡ್ರಿ ಅಂದೆ!" ಹಿಡಿತ ಇನ್ನಷ್ಟು ಬಿಗಿಯಾಯಿತು.

"ನಾ ಬಿದ್ರ ನಾ ಬಿದ್ದಂಗ್ರಿ ಮಾಮಾ, ನೀವು ಕೆಡವಿದಂಗ ಅಲ್ಲ. ಬಿಡ್ರಿ."

ಆಗ ಬಿಟ್ಟರು.