ಬೆಕ್ಕಿನ ಬಣ್ಣಕ್ಕೆ ಹೊಟ್ಟೆಕಿಚ್ಚು

ಬೆಕ್ಕು ಸಾಕುವವರಿಗೆ ತಮ್ಮ ಬೆಕ್ಕಿನ ಜ್ವರಕ್ಕಿಂತ ಪಕ್ಕದ ಮನೆ ಬೆಕ್ಕಿನ ಬಣ್ಣವೇ ಹೆಚ್ಚು ಕಾಡುತ್ತದೆ. ಸಿರುಗುಪ್ಪ, ಕುರುಗೋಡು, ಬಳ್ಳಾರಿಯಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿದ ನನಗೆ ಈ ಕಾಯಿಲೆಗೆ ಇನ್ನೂ ಮದ್ದು ಸಿಕ್ಕಿಲ್ಲ.

ಒಂದೇ ಅಂಗಿ

ಸಿರುಗುಪ್ಪದಲ್ಲಿ ಒಬ್ಬ ಹೆಣ್ಣುಮಗಳು ಗಂಡನನ್ನು ಕರೆದುಕೊಂಡು ಬಂದರು. ಅವರ ವಾರಗಿತ್ತಿಯ ಹತ್ತಿರ ಕೆಂಪು, ಕಪ್ಪು, ಬಿಳಿ ಮೂರೂ ಬಣ್ಣದ ಹೆಣ್ಣು ಬೆಕ್ಕಿತ್ತು.

"ನನಗ ಅಂಥದ್ದ ಗಂಡು ಬೇಕ್ರಿ. ಆಕಿ ನೋಡಿ ಉರ್ಕೋಬೇಕು."

"ಗಂಡು ಸಿಗೋದು ಭಾಳ ಅಪರೂಪ ಅಕ್ಕಾರ. ಕೆಂಪು-ಕಪ್ಪಿನ ಜೀನು ಎಕ್ಸ್ ಕ್ರೋಮೋಸೋಮಿನಾಗ ಇರ್ತೈತಿ. ಹೆಣ್ಣಿಗೆ ಎಕ್ಸ್ ಎರಡು, ಎರಡೂ ಬಣ್ಣ ಬರಬಹುದು. ಗಂಡಿಗೆ ಒಂದ ಎಕ್ಸ್, ಒಂದ ಬಣ್ಣ. ಬಿಳಿದು ಬ್ಯಾರೆ ಲೆಕ್ಕ."

ಪಕ್ಕದಲ್ಲಿದ್ದ ಗಂಡ ಕೇಳಿದ: "ಬೆಕ್ಕಿನ್ಯಾಗೂ ಗಂಡಸಿಗೆ ಒಂದ ಅಂಗಿ ಏನ್ರಿ? ನಾ ನಮ್ಮ ಮನ್ಯಾಗಷ್ಟ ಅನ್ಕೊಂಡಿದ್ದೆ!"

ಕೆಂಪು ಮರಿ

ಕುರುಗೋಡಿನ ಕಿರಾಣಿ ಅಂಗಡಿಯವರ ಮನೆಯಲ್ಲಿ ಒಂದು ಕರಿ ಗಂಡು ಬೆಕ್ಕು, ಕಪ್ಪು-ಕೆಂಪು ಮಚ್ಚೆಯ ಒಂದು ಹೆಣ್ಣು. ಅದು ಕೆಂಪು ಗಂಡು ಮರಿ ಹಾಕಿತು. ಅಂಗಡಿಯವರು ಕೆಂಡವಾಗಿ ನನ್ನ ಹತ್ತಿರ ಬಂದರು.

"ಇದು ಎದುರು ಮನಿ ಕೆಂಪು ಬೆಕ್ಕಿನ ಕೆಲಸ! ನಮ್ಮ ಕರಿಯಗ ಮೋಸ ಆತ್ರಿ."

"ಹಂಗ ಹೇಳಾಕ ಬರಂಗಿಲ್ಲ ಅಣ್ಣಾರ. ಗಂಡು ಮರಿ ಕೆಂಪೋ ಕಪ್ಪೋ ಅನ್ನೋದು ತಾಯಿಯಿಂದ ಬರ್ತೈತಿ. ಅಪ್ಪಂದು ಏನೂ ನಡಿಯಂಗಿಲ್ಲ."

ಅವರ ಮುಖ ಅರಳಿತು. ಜೊತೆಗೆ ಬಂದಿದ್ದ ಹೆಂಡತಿಯ ಮುಖ ಇನ್ನೂ ಅರಳಿತು. "ಕೇಳಿದ್ರಿಲ್ಲ? 'ಮೊಮ್ಮಗಂದು ನನ್ನ ಮಗನ ಬಣ್ಣ' ಅಂತ ಮೆರಿಯೋ ನಿಮ್ಮವ್ವಗ ಹೋಗಿ ಹೇಳ್ರಿ!"

"ಇದು ಬೆಕ್ಕಿಗಷ್ಟ ರೀ ತಾಯಿ" ಅಂದೆ. ಅವರು ಆಗಲೇ ಬಾಗಿಲು ದಾಟಿದ್ದರು.

ಎಸಿ ಬೆಕ್ಕು

ಬಳ್ಳಾರಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಕೆಳಮನೆಯವರು, ಮೇಲ್ಮನೆಯವರು ಒಂದೇ ಸೂಲಿನ, ಸಯಾಮೀಸ್ ತಳಿಯ ಎರಡು ಬೆಕ್ಕಿನ ಮರಿ ತಂದರು. ಕೆಳಗಿನದು ಎಸಿಯಲ್ಲಿ ಬೆಳೆಯಿತು, ಮೇಲಿನದು ಬಿಸಿಲಿನ ಝಳದಲ್ಲಿ. ಕೆಳಮನೆಯಾಕೆ ಕಣ್ಣೀರು ಹಾಕುತ್ತ ಬಂದರು.

"ಅವರದು ಬಿಸಿಲಾಗ ಬೆಳ್ಳಗ, ನಮ್ಮದು ಎಸಿಯಾಗ ಕರ್ರಗ! ಇದ್ಯಾವ ನ್ಯಾಯರಿ?"

"ಈ ತಳಿಯ ಜೀನು ಹಂಗ ರೀ. ಮೈಗೆ ತಂಪು ತಗುಲಿದಷ್ಟೂ ಬಣ್ಣ ಗಾಢ ಆಕ್ಕೈತಿ."

ಆಕೆ ಹೋಗಿ ಎಸಿ ಬಂದ್ ಮಾಡಿದರು. ಬಳ್ಳಾರಿಯಲ್ಲಿ, ನಡುಬೇಸಿಗೆಯಲ್ಲಿ! ಸ್ವಲ್ಪ ದಿನಕ್ಕೆ ಅವರ ಗಂಡ ಬೆವರೊರೆಸುತ್ತ ಬಂದರು.

"ಬೆಕ್ಕು ಬೆಳ್ಳಗಾಗೋದಿರ್ಲಿ ಡಾಕ್ಟ್ರ, ನಾ ಬೆಂದು ಹೋದೆ. ಇದರ ಮ್ಯಾಲೆ, ಕರೀದ ಭಾರಿ ಜಾತಿದು ಕಾಣ್ತೈತಿ ಅಂತ ಮ್ಯಾಲಿನವ್ರು ಉರ್ಕೊಂಡು ಹೊಸಾ ಎಸಿ ಹಾಕಿಸ್ಯಾರ. ನಮ್ಮ ಬೆಕ್ಕು ಮಧ್ಯಾಹ್ನ ಆದ ಕೂಡ್ಲೆ ಅಲ್ಲಿಗೆ ಓಡ್ತೈತಿ."

"ನೀವೂ ಹೋಗ್ರಲ್ಲ!"

"ಬೆಕ್ಕು ಕರ್ಕೊಂಡು ಬರೋ ನೆವದಿಂದ ಹೋಗಿದ್ದೆ ರೀ. 'ಈಗ ಮಲಗೈತಿ, ಎಬ್ಬಿಸಬ್ಯಾಡ್ರಿ' ಅಂತ ಬಾಗ್ಲಾ ಹಾಕ್ಕೊಂಡ್ರು!"