ನನ್ನ ವ್ಯಾನು ಬಂದ್ ಆದ ದಿನ

ನಗೆಪಾಟಲಾಗಲು ಬೇರೆಯವರು ಊರೆಲ್ಲ ತಿರುಗಬೇಕು. ನನಗೆ ವ್ಯಾನು ನಿಂತಲ್ಲೇ ಸಾಕು. ಒಮ್ಮೆ ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ ಎಂಬುದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನನ್ನ ಸಿದ್ಧಾಂತ. "ಒಂದಿನ ನಡುರಸ್ತೆಲಿ ಕೂರ್ತೀರಿ, ನೋಡಿ" ಎಂಬುದು ಹೆಂಡತಿಯ ಸಿದ್ಧಾಂತ. ಅವಳೆದುರು ಸೋಲಬಾರದೆಂಬ ಹಟಕ್ಕೇ ನಾನು ಎಂಜಿನ್ ಆರಿಸುತ್ತಿರಲಿಲ್ಲ.

ಸಿದ್ದಾಪುರದಲ್ಲಿ

ಎರಡೇ ನಿಮಿಷ ಎಂದುಕೊಂಡು ವ್ಯಾನು ಚಾಲೂ ಇಟ್ಟು ಔಷಧಿ ಅಂಗಡಿಗೆ ಹೋದೆ. ಅಲ್ಲಿ ಹಳೇ ಸಹೋದ್ಯೋಗಿ ಸಿಕ್ಕರು. ಮಾತು ಮುಗಿಸಿ ಬಂದರೆ ವ್ಯಾನಿನಲ್ಲಿ ಐದು ಜನ, ಎರಡು ಅಕ್ಕಿ ಚೀಲ! ನಮ್ಮಲ್ಲಿ ಟೆಂಪೋದವರು ಈಗಲೇ ಹೊರಡುವವರ ಹಾಗೆ ಎಂಜಿನ್ ಗುರುಗುಟ್ಟಿಸುತ್ತ ಜನ ತುಂಬುವುದು ರೂಢಿ.

"ಹತ್ತಿ, ಡ್ರೈವರ್ ಚಾ ಕುಡಿಯಕ್ಕೆ ಹೋಗಿದಾನೆ" ಎಂದು ಅಜ್ಜಿಯೊಬ್ಬಳು ನನಗೇ ಜಾಗ ಮಾಡಿಕೊಟ್ಟಳು.

"ಡ್ರೈವರ್ ನಾನೇ" ಎಂದೆ.

"ಹಂಗಾರೆ ಎಷ್ಟೊತ್ತು ಕಾಯ್ಸದು? ನಡಿ ಕೋಲಸಿರ್ಸಿಗೆ!"

ಹೋದೆ. ಆ ಹಳ್ಳಿಯಲ್ಲಿ ಚೀಲ ಇಳಿಸಿಕೊಟ್ಟವನೂ ನಾನೇ.

ಸಿರಸಿಯಲ್ಲಿ

ಶಾಲೆಯೊಂದರಲ್ಲಿ ಇಂಧನ ಉಳಿತಾಯದ ಬಗ್ಗೆ ನನ್ನ ಭಾಷಣ. ಮುಕ್ಕಾಲು ಗಂಟೆ ಕೊರೆದು, "ಉದಾಹರಣೆಗೆ..." ಎಂದೆ. ಮುಖ್ಯೋಪಾಧ್ಯಾಯಿನಿ ಬಗ್ಗಿ ಮೆಲ್ಲಗೆ ಹೇಳಿದರು: "ಸರ್, ಉದಾಹರಣೆ ಆಗಿನಿಂದ ಅಂಗಳದಲ್ಲಿ ಕೇಳಿಸ್ತಾ ಇದೆ."

ಅರಬೈಲ್ ಘಟ್ಟದಲ್ಲಿ

ಹೆಂಡತಿಯ ತಂಗಿ ಮಗಳ ಮದುವೆ, ಅಂಕೋಲೆಯಲ್ಲಿ. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಮುಂದೆಲ್ಲೋ ಮರ ಬಿದ್ದು ವಾಹನಗಳ ಸಾಲು ನಿಂತಿತ್ತು. ಪಕ್ಕದ ಲಾರಿಯ ಚಾಚಾ ಎಂಜಿನ್ ಆರಿಸಿ, ರಸ್ತೆ ಬದಿ ಸ್ಟೋವ್ ಹಚ್ಚಿ ಅನ್ನಕ್ಕಿಟ್ಟ.

"ಮಾಸ್ತರ್ರೇ, ಬಂದ್ ಮಾಡಿ. ಎರಡು ತಾಸಾದ್ರೂ ಬೇಕು" ಎಂದ.

"ಈಗ ಬಿಡ್ತಾರೆ" ಎಂದೆ. ಹೆಂಡತಿ ಮುಹೂರ್ತಕ್ಕಾಗಿ ಗಡಿಯಾರ ನೋಡಿದಳು, ನಂತರ ಪೆಟ್ರೋಲಿನ ಮುಳ್ಳು ನೋಡಿದಳು. ನನಗೆ ಆ ನೋಟದ್ದೇ ಹೆದರಿಕೆ.

ಚಾಚಾನ ಅನ್ನ ಬೆಂದಿತು, ಊಟವಾಯಿತು, ಪಾತ್ರೆ ತೊಳೆದದ್ದಾಯಿತು. ಕೊನೆಗೆ ದಾರಿ ಬಿಟ್ಟರು. ಸರಿಯಾಗಿ ಆಗ ನನ್ನ ವ್ಯಾನು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಇಳಿಜಾರಲ್ಲವೇ, ಹಾಗೇ ಉರುಳಿಸಿಕೊಂಡು ಹೋಗಲೇ ಎಂದು ಕೇಳಿದ್ದಕ್ಕೆ ಚಾಚಾ ಕೈ ಮುಗಿದು, ನಾಲ್ಕು ಜನ ಸೇರಿಸಿ ವ್ಯಾನನ್ನು ಬದಿಗೆ ತಳ್ಳಿಸಿದ.

"ಅಕ್ಕ, ನೀವು ಬನ್ನಿ, ಅಂಕೋಲೆಗೆ ಬಿಡ್ತೇನೆ" ಎಂದ. ಹೆಂಡತಿ ರೇಷ್ಮೆ ಸೀರೆ ಎತ್ತಿಕಟ್ಟಿ ಲಾರಿ ಹತ್ತಿದಳು. ನಾನು ವ್ಯಾನು ಕಾಯಲು ಉಳಿದೆ. ಲಾರಿ ಹೊರಟಾಗ ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. ಬೈಗುಳಕ್ಕೆ ಸಿದ್ಧನಾಗಿ ನಿಂತೆ.

"ಅಂತೂ ಬಂದ್ ಮಾಡಿದ್ರಲ್ಲ," ಎಂದಳು, "ಅಷ್ಟು ಸಾಕು!"