ಮಾವ ಆಯ್ದುಕೊಳ್ಳದ 'ಹ'

ನಮ್ಮ ಹುಣಸೂರಿನವರು ಬಾಯಿಂದ ಉದುರಿಸಿದ 'ಹ'ಗಳನ್ನೆಲ್ಲ ನನ್ನ ಸೋದರಮಾವ ಒಬ್ಬರೇ ಆಯ್ದು ಕೂಡಿಡುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ! ಊರೆಲ್ಲ 'ಅಳ್ಳಿ', 'ಆಲು', 'ಅಸು' ಎನ್ನುತ್ತಿದ್ದರೂ, ಹೈಸ್ಕೂಲಿನ ಕನ್ನಡ ಪಂಡಿತರಾದ ಮಾವನ ಬಾಯಿಂದ ನಿದ್ದೆಯಲ್ಲೂ ಒಂದು 'ಹ' ಜಾರಿದ್ದಿಲ್ಲ. ಅವರ ಗೊರಕೆಯೂ ಹಕಾರದಲ್ಲೇ ಇತ್ತೆಂದು ಅತ್ತೆಯ ದೂರು.

ನಾನೋ, ಕಂಡವರ ದನಿ ಕದಿಯುವವ. ಒಮ್ಮೆ ನಡುಮನೆಯಿಂದ ಮಾವನ ದನಿಯಲ್ಲೇ, "'ಹ' ಹಾಕಿದೆಯೇನೇ?" ಎಂದೆ.

"ಸಾರಿಗೆ ಆಗ್ಲೇ ಆಕಿದೀನಿ ಕಣ್ರೀ!" ಎಂದರು ಅತ್ತೆ ಒಲೆಯ ಮುಂದಿನಿಂದ. ಏನು ಹಾಕಿದ್ದರೋ, ಉಂಡ ನನಗೂ ತಿಳಿಯಲಿಲ್ಲ.

ಆ ವರ್ಷ ಶಾಲೆಯಲ್ಲಿ 'ಮಾನವ ಹಕ್ಕುಗಳು' ಎಂಬ ವಿಷಯದ ಮೇಲೆ ಪ್ರಬಂಧ ಸ್ಪರ್ಧೆ. ಮಾವ ಒಪ್ಪಿದ ಪ್ರಬಂಧವನ್ನು ಬರೆದವರೇ ಸಭೆಯಲ್ಲಿ ಓದಬಹುದು. ತಿದ್ದಿಸಿಕೊಳ್ಳಲು ಮಾವನ ಮನೆಯ ಜಗುಲಿಗೆ ಬಂದವರೆಲ್ಲ ಬರೆದದ್ದು 'ಮಾನವ ಅಕ್ಕುಗಳು'! ಮಾವ "'ಹ' ಎಲ್ಲಿ?" ಎಂದು ಗುಡುಗಿದರು. ಹೆದರಿದ ಹುಡುಗರು ಮರುದಿನ ಕಂಡಕಂಡಲ್ಲಿ 'ಹ' ತುರುಕಿ ತಂದರು. 'ಬಡವರಿಗೆ ಹಕ್ಕಿ ಹಂಚಬೇಕು' ಎಂದು ಒಬ್ಬ. 'ಮನುಷ್ಯರೆಲ್ಲ ಹಣ್ಣತಮ್ಮಂದಿರು' ಎಂದು ಇನ್ನೊಬ್ಬ. ಹಕ್ಕು ಯಾವುದು, ಹಕ್ಕಿ ಯಾವುದು, ಅಕ್ಕಿ ಯಾವುದು? ತಲೆ ಕೆಟ್ಟ ನಾನು ಅಂಗಡಿಗೆ ಹೋಗಿ, "ಎರಡು ಸೇರು ಹಕ್ಕು ಕೊಡಿ" ಎಂದುಬಿಟ್ಟೆ!

ಕೊನೆಗೆ ಬಂದವಳು ಪುಟ್ಟಿ, ಹೆಗ್ಗಡದೇವನಕೋಟೆ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿ. ಅವಳು ಬರೆದಿದ್ದಳು: 'ಅಣೆಕಟ್ಟೆ ನೀರಲ್ಲಿ ನಮ್ಮ ಆಡಿ ಮುಳುಗಿತು. ನಾವು ಈಚೆ ಬಂದೆವು. ಅದು ಬರಲಿಲ್ಲ.'

ಬೇಡದ 'ಹ'ಗಳನ್ನು ಅಳಿಸಿ ಅಳಿಸಿ ದಣಿದಿದ್ದ ಮಾವ, ಕೆಂಪು ಪೆನ್ಸಿಲಿನಲ್ಲಿ 'ಆಡಿ'ಯನ್ನು 'ಆಡು' ಮಾಡಿದರು. ಆಮೇಲೆ ಅವರಿಗೇ ಗೊಂದಲ. "ಅಲ್ಲಮ್ಮಾ, ಮಾನವ ಹಕ್ಕಿನ ನಡುವೆ ಈ ಆಡು ಹೇಗೆ ನುಗ್ಗಿತು?"

"ಆಡಿಗೆ ಈಜು ಬತ್ತದೆ ಕಣ್ಲಾ," ಎಂದ ಒಬ್ಬ ಹುಡುಗ.

"ಊಂ, ನಿಮ್ಮಪ್ಪ ಕಲ್ಸಿದ್ನಾ?" ಎಂದ ಪಕ್ಕದವನು.

ನಾನು ಬಿಟ್ಟೇನೆಯೇ? "ಮ್ಯಾ..." ಎಂದೆ. ಜಗುಲಿಯೆಲ್ಲ ನಗು.

ಮಾವ ಎಂದರು, "ಈ ಸಾಲು ತೆಗೆದುಬಿಡು. ಸಭೆಯಲ್ಲಿ ಓದುವೆಯಂತೆ."

"ತೆಗೆಯಾಕಿಲ್ಲ ಸಾ. ಅದ್ನ ಓದಾಕೇ ಇಷ್ಟೆಲ್ಲ ಬರ್ದಿದ್ದು." ಪುಟ್ಟಿ ತಲೆ ಎತ್ತಲಿಲ್ಲ. "ಆಡಲ್ಲ ಸಾ, ಆಡಿ. ಕಾಡ್ ಮಗ್ಗುಲಲ್ಲಿ ನಮ್ ಜನ ಗುಡ್ಲು ಆಕ್ಕಂಡಿದ್ವಲ್ಲ, ಆ ಆಡಿ. ನಮ್ಮಜ್ಜಿನ ಮಣ್ಣು ಮಾಡಿದ್ದೂ ಅಲ್ಲೇಯ."

ಹಾಡಿ! ನನ್ನ ಇನ್ನೊಂದು 'ಮ್ಯಾ' ಗಂಟಲಲ್ಲೇ ನಿಂತಿತು. ಮಾವ ರಬ್ಬರು ತೆಗೆದುಕೊಂಡು ತಾವು ತಿದ್ದಿದ ಕೆಂಪನ್ನು ಮೆಲ್ಲಗೆ ಉಜ್ಜತೊಡಗಿದರು.

"'ಹ' ಆಕ್ಲಾ ಸಾ?" ಎಂದಳು ಪುಟ್ಟಿ.

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ಬ್ಯಾಡ ಕಣವ್ವಾ," ಎಂದರು. "ಅಂಗೇ ಓದು."

ಬಿದ್ದ ಆ 'ಹ'ವನ್ನು ಮಾವ ಆಯ್ದುಕೊಳ್ಳಲಿಲ್ಲ. ಯಾರ ದನಿಯನ್ನೂ ಬಿಡದ ನಾನು, ಮಾವನ ಆ ದನಿಯೊಂದನ್ನು ಇವತ್ತಿಗೂ ಅಣಕಿಸಿಲ್ಲ.